ಶನಿವಾರದ ಬೂಗಿ ವೂಗಿ

ಬಾಗಿಲು ಸರಿಸಿದ ಶ್ರೀಹರ್ಷ ಒಳಗೆ ಹೆಜ್ಜೆಯಿಡದೆ ನಿಂತುಬಿಟ್ಟ. ಜಪಾನಿನ ಫುನಾಬೊರಿಯ ಈ ಸಮುದಾಯ ಭವನದಲ್ಲಿ ಹೆಂಡತಿ ಅಮೂಲ್ಯ ಪ್ರತಿ ಶನಿವಾರ ಜಪಾನಿ ಭಾಷೆ ಕಲಿಯುತ್ತಾಳೆಂದೇ ಅವನು ನಂಬಿದ್ದ. ಅಲ್ಲಿ ಬೋರ್ಡೂ ಇರಲಿಲ್ಲ, ಬೆಂಚೂ ಇರಲಿಲ್ಲ. ಮೂಲೆಯಲ್ಲಿ ಮುದುಕನೊಬ್ಬ ಪಿಯಾನೋದ ಮೇಲೆ ಬೂಗಿ ವೂಗಿ ಎಂಬ ಕುಣಿತದ ಧಾಟಿ ನುಡಿಸುತ್ತಿದ್ದ. ಎಡಗೈ ಅವಲಕ್ಕಿ ಕುಟ್ಟಿದ ಹಾಗೆ ಒಂದೇ ಸಮನೆ ಬೀಳುತ್ತಿತ್ತು. ಬಲಗೈಗೆ ಹೇಳುವವರು ಕೇಳುವವರು ಇರಲಿಲ್ಲ. ಆ ಓಟಕ್ಕೆ ಸರಿಯಾಗಿ ಅಮೂಲ್ಯ, ಯಾವನೋ ಬೆವೆತ ಗಂಡಸಿನ ಕೈ ಹಿಡಿದು, ಕಾಲು ಚಿಮ್ಮುತ್ತ ಗಿರ್ರನೆ ತಿರುಗುತ್ತಿದ್ದಳು. ಸ್ವಂತ ತಂಗಿಯ ಮದುವೆಯಲ್ಲಿ ಎಲ್ಲರೂ ಎಳೆದರೂ ಕುರ್ಚಿ ಬಿಟ್ಟು ಏಳದಿದ್ದವಳು.

ನಿನ್ನೆ ಆಫೀಸಿನಲ್ಲಿ ಕೇಳಿದಾಗ, ಮುಂದಿನ ತಿಂಗಳೇ ಬೆಂಗಳೂರಿಗೆ ಮರಳಲು ಅವನು ಒಪ್ಪಿಬಿಟ್ಟಿದ್ದ. ಅವಳನ್ನು ಕೇಳಿರಲಿಲ್ಲ. ಮನೆಯಲ್ಲಿ ಬಾಯಿ ಬಾರದೆ, ಕ್ಲಾಸು ಮುಗಿದ ಮೇಲೆ ಎಲ್ಲಾದರೂ ಕೂತು ಹೇಳೋಣವೆಂದು ಬಂದಿದ್ದ.

"ಕೋತೈ!" ಜೋಡಿ ಬದಲಿಸಿ ಎಂದು ಟೀಚರ್ ಶಿಮಾಡಾ-ಸಾನ್ ಚಪ್ಪಾಳೆ ತಟ್ಟಿದರು. ಪಿಯಾನೋ ನಿಲ್ಲಲಿಲ್ಲ. ಗಂಡಸರು ನಿಂತಲ್ಲೇ ಇದ್ದರು. ಹೆಂಗಸರು ಬಾಗಿ ವಂದಿಸಿ ಪಕ್ಕದ ಗಂಡಸಿನ ಮುಂದೆ ಸರಿದರು, ಮತ್ತೆ ಬಾಗಿ ಹೊಸ ಕೈ ಹಿಡಿದರು. ಯಾರ ಗಂಡ, ಯಾರ ಹೆಂಡತಿ ಎಂಬ ಲೆಕ್ಕವೇ ಇಲ್ಲ.

"ಅಮೂಲ್ಯ-ಸಾನ್ ಮನೆಯವರಾ?" ಶಿಮಾಡಾ-ಸಾನ್ ಜಪಾನಿಯಲ್ಲಿ ಕೂಗಿದರು. "ಬನ್ನಿ ಬನ್ನಿ, ನಮಗೆ ಗಂಡಸರೇ ಸಾಲದು!"

ಬೇಡವೆನ್ನಲು ಪದ ಹುಡುಕುವಷ್ಟರಲ್ಲಿ ಅವನ ಶೂ ಕಳಚಿತ್ತು, ಅವನು ಸಾಲಿನಲ್ಲಿದ್ದ. ಇನ್ನೆರಡು ಚಪ್ಪಾಳೆಗೆ ಅಮೂಲ್ಯ ಎದುರು ಬಂದಳು. ಎಲ್ಲರಿಗೂ ಬಾಗಿದಂತೆ ಅವನಿಗೂ ಬಾಗಿದಳು.

"ಏನೇ ಇದು?"

"ಎಡಗಾಲು ಹಿಂದೆ. ಕೆಳಗೆ ನೋಡ್ಬೇಡ."

"ಜಾಪನೀಸ್ ಕ್ಲಾಸ್ ಅಂದಿದ್ಯಲ್ಲ?"

"ನಂಗೆ ಬರೋ ಜಾಪನೀಸ್ ಎಲ್ಲಾ ಇಲ್ಲೇ ಕಲ್ತಿದ್ದು. ಭುಜ ಲೂಸ್ ಬಿಡೋ, ಸೂಟ್‌ಕೇಸ್ ಹಿಡ್ಕೊಂಡಂಗೆ ಹಿಡ್ಕೊಂಡಿದ್ದೀಯ ನನ್ನ."

"ಹೇಳ್ಬಹುದಿತ್ತು."

"ಹೇಳಿದ್ರೆ ನಗ್ತಿದ್ದೆ ನೀನು. ಮುಂದಿನ ತಿಂಗಳು ನಮ್ಮ ಶೋ ಇದೆ. ಸ್ಟೇಜ್ ಮೇಲೇ ನೋಡ್ಲಿ ಅಂತಿದ್ದೆ." ಅವಳ ಕಣ್ಣಿನಲ್ಲಿ ಅವನು ಮರೆತೇಹೋಗಿದ್ದ ತುಂಟತನವಿತ್ತು. "ಎಲ್ಲಾ ಹಾಳ್ ಮಾಡ್ದೆ."

"ಅಮ್ಮು, ಮುಂದಿನ ತಿಂಗಳು ನಾವಿಲ್ಲಿರಲ್ಲ."

"ಟ್ರಿಪ್ಪಾ?"

"ವಾಪಸ್. ಬೆಂಗಳೂರಿಗೇ. ನಿನ್ನೆ ಯೆಸ್ ಅಂದ್ಬಿಟ್ಟೆ."

ಅವಳ ಹೆಜ್ಜೆ ತಪ್ಪಲಿಲ್ಲ. ಅವನ ಅಂಗೈಯಲ್ಲಿದ್ದ ಬೆರಳುಗಳು ಮಾತ್ರ ಒಮ್ಮೆ ಸೆಟೆದವು.

"ನನ್ನ ಕೇಳ್ದೇನೇ?"

ಅವನು ಕೆಳಗೆ ನೋಡಿದ.

"ಕೈ ಎತ್ತು," ಅಂದಳು, ಅವನತ್ತ ನೋಡದೆ. "ನಾನು ತಿರುಗ್ಬೇಕು."

ಎತ್ತಿದ. ಅವಳು ಅದರಡಿ ಹಾದು ತಿರುಗಿದಳು.

"ಕೋತೈ!"

ಅಮೂಲ್ಯ ಬೆರಳು ಬಿಡಿಸಿಕೊಂಡಳು. ಸೊಂಟದಿಂದ ಬಾಗಿ, "ಅರಿಗಾತೋ ಗೊಜಾಯ್ಮಾಶಿತಾ," ಎಂದು ಎಲ್ಲರಿಗೂ ಹೇಳುವ ಧನ್ಯವಾದ ಹೇಳಿ ಪಕ್ಕದವನ ಮುಂದೆ ಸರಿದಳು. ಶ್ರೀಹರ್ಷನ ಕೈ ಇನ್ನೂ ಮೇಲೆಯೇ ಇತ್ತು. ಎದುರಿಗೆ ಬಂದ ಗಿಡ್ಡ ಅಜ್ಜಿಯೊಬ್ಬರು ಬಾಗಿ, ಅದು ಇಳಿಯುವುದನ್ನು ಸ್ವಲ್ಪ ಕಾದು, ಕೊನೆಗೆ ತುದಿಗಾಲಿನಲ್ಲಿ ನಿಂತು ಹಿಡಿದುಕೊಂಡರು.