ಹನ್ನೊಂದು ಸರಣಿಗಳ ಬಗ್ಗೆ ಅಭಿಪ್ರಾಯ

ಹತ್ತಕ್ಕೆ ಏಳು ಅಂಕ ಕೊಟ್ಟರೆ ಹೊಗಳಿದಂತಾಗುತ್ತಿತ್ತು, ಆರು ಕೊಟ್ಟರೆ ಅರ್ಥವಾಗದವನು ಅನ್ನಿಸಿಕೊಳ್ಳಬೇಕಿತ್ತು. ಚಿನ್ಮಯ್ ಆರೂವರೆ ಎಂದು ಟೈಪ್ ಮಾಡಿ, ಅಳಿಸಿ, ಮತ್ತೆ ಆರೂವರೆ ಎಂದೇ ಟೈಪ್ ಮಾಡಿದ.

"ಇವತ್ತು ಆರು ಗಂಟೆಯೊಳಗೆ ಹೇಳ್ಬೇಕು," ಎಂದಳು ಧಾತ್ರಿ, ಬಾಗಿಲಲ್ಲಿ ನಿಂತು ಕಿವಿಗೆ ಓಲೆ ಸಿಕ್ಕಿಸಿಕೊಳ್ಳುತ್ತ.

"ಯಾರಿಗೆ?"

"ಎಚ್‌ಆರ್‌ಗೆ. ಇಂದೋರ್ ವಿಷಯ."

"ಓ. ಹೌದಲ್ಲ."

ಹೀಗೆನ್ನುವಾಗ ಅವನು ಲ್ಯಾಪ್‌ಟಾಪಿನಿಂದ ಕಣ್ಣು ಕಿತ್ತಿದ್ದ. ತನ್ನ ಪಾಲಿಗೆ ಅದು ದೊಡ್ಡ ಔದಾರ್ಯವೇ ಎಂದು ಅವನಿಗೆ ಅನ್ನಿಸಿತು.

ಧಾತ್ರಿ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿದ್ದಳು. ಇಂದೋರಿನ ಹೊಸ ಲ್ಯಾಬಿಗೆ ಮುಖ್ಯಸ್ಥೆಯಾಗಿ ಬರುತ್ತೀರಾ ಎಂದು ಅವರು ಕೇಳಿ ಹದಿನೈದು ದಿನವಾಗಿತ್ತು. ಎರಡು ವರ್ಷ, ಬಹುಶಃ ಮೂರು. ಈ ಹದಿನೈದು ದಿನಗಳಲ್ಲಿ ಅವಳು ಗಂಡನನ್ನು ನಾಲ್ಕು ಸಲ ಕೇಳಿದ್ದಳು: ನಿನಗೇನನ್ನಿಸುತ್ತೆ? ನಾಲ್ಕು ಸಲವೂ ಅವನು, ನೀನು ಏನೇ ನಿರ್ಧಾರ ಮಾಡಿದರೂ ನನ್ನ ಸಪೋರ್ಟ್ ಇದೆ ಎಂದಿದ್ದ. ಮೊದಲ ಸಲ ಅವಳು ಥ್ಯಾಂಕ್ಸ್ ಎಂದಿದ್ದಳು. ನಾಲ್ಕನೆಯ ಸಲ ಎದ್ದುಹೋಗಿ ಫ್ರಿಜ್ ಒರೆಸಿದ್ದಳು.

"ಪಂಕಜಾ ಚಿಕ್ಕಮ್ಮನ ಮನೆಗೆ ಹೋಗ್ತಿದೀನಿ, ಮಾಟುಂಗಕ್ಕೆ," ಎಂದಳು. "ನಾಲ್ಕು ಗಂಟೆಗೆ ಅಲ್ಲೇ ನಮ್ಮ ಮಾಮೂಲಿ ಹೋಟೆಲಿಗೆ ಬಾ. ಕಾಫಿ ಕುಡಿಯೋಣ. ಮಾತಾಡೋಣ."

"ಖಂಡಿತ."

"ಚಿನ್ಮಯ್, ಬರೀ ಕಾಫಿ ಅಲ್ಲ."

ಬಾಗಿಲು ಮುಚ್ಚಿಕೊಂಡಿತು. ಚಿನ್ಮಯ್ ಮತ್ತೆ ಆರೂವರೆಯ ಕಡೆ ತಿರುಗಿದ.

ವರ್ಷಕ್ಕೆ ನಾಲ್ಕು ಸಲ, ಜಪಾನಿನ ಅನಿಮೆ ಸರಣಿಗಳ ಒಂದೊಂದು ಋತು ಮುಗಿದಾಗ, ಅವನು ತಾನು ನೋಡಿದ್ದೆಲ್ಲದರ ಬಗ್ಗೆ ಇಂಗ್ಲಿಷ್ ಬ್ಲಾಗೊಂದರಲ್ಲಿ ದೀರ್ಘವಾಗಿ ಬರೆಯುತ್ತಿದ್ದ. ಅಲ್ಲಿ ಅವನಿಗೆ ಬೇರೆ ಹೆಸರು. ಓದುಗರು ಮೂವತ್ತೋ ನಲವತ್ತೋ ಜನ. ಈ ಚಳಿಗಾಲದ್ದು ಹನ್ನೊಂದು ಸರಣಿ. ಸತ್ತು ಬೇರೊಂದು ಲೋಕದಲ್ಲಿ ಹುಟ್ಟಿ ಅಲ್ಲಿಯೂ ಗುಮಾಸ್ತನೇ ಆಗುವ ಗುಮಾಸ್ತನ ಕಥೆಗೆ ನಾಲ್ಕು. ಡಯಟ್ ಮಾಡುವ ರಾಕ್ಷಸ ರಾಜನಿಗೆ ಐದು. ದೈತ್ಯ ರೋಬೋ ನಡೆಸುವ, ಎತ್ತರ ಕಂಡರೆ ವಾಂತಿ ಮಾಡಿಕೊಳ್ಳುವ ಹುಡುಗನಿಗೆ ಏಳು. ಈ ಅಂಕಗಳನ್ನು ಕೊಡುವಾಗ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಅಂಧೇರಿಯ ಆಫೀಸಿಗೆ ಅವನು ಮನೆಯಿಂದಲೇ ಮಾಡುತ್ತಿದ್ದ ಕೆಲಸವೂ ಅಭಿಪ್ರಾಯಗಳದ್ದೇ: ಮಿಕ್ಸರ್ ಕೊಂಡವರು ಬರೆದದ್ದನ್ನು ಓದಿ ಸಂತುಷ್ಟ, ಅಸಂತುಷ್ಟ, ತಟಸ್ಥ ಎಂದು ವಿಂಗಡಿಸುವುದು.

ತೊಂದರೆ ಕೊಡುತ್ತಿದ್ದದ್ದು ಹನ್ನೊಂದನೆಯ ಸರಣಿ. ಸಮುದ್ರದ ದಡದ ಸಣ್ಣ ಊರು. ಅಲ್ಲೊಂದು ಬಿಸಿನೀರಿನ ಸಾರ್ವಜನಿಕ ಸ್ನಾನದ ಮನೆ. ನಡೆಸುವವರು ಅಜ್ಜ ಮತ್ತು ಮೊಮ್ಮಗಳು. ಮೊಮ್ಮಗಳಿಗೆ ದೊಡ್ಡ ಊರಿನ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಎಂಟನೆಯ ಕಂತಿನಲ್ಲಿ ಅಜ್ಜ ಮಾತು ನಿಲ್ಲಿಸುತ್ತಾನೆ. ಆಮೇಲೆ ನಾಲ್ಕು ಕಂತು ಬರೀ ಹಬೆ.

"ಎಂಟನೇ ಕಂತಿನ ನಂತರ ನಿರ್ದೇಶಕರಿಗೆ ಹೇಳುವುದೇನೂ ಉಳಿದಿಲ್ಲ. ಅದನ್ನೇ ಅವರು ಮೌನವೆಂದು ಕರೆದಿದ್ದಾರೆ," ಎಂದು ಬರೆದ. ಚೆನ್ನಾಗಿತ್ತು. ಓದಿ ತಾನೇ ನಕ್ಕ.

ಹಿಂದಿನಿಂದ ಕಿಟಕಿಯ ಗ್ರಿಲ್ ಟಣಟಣ ಎಂದಿತು.

"ಸಾಹೇಬ್ರ."

ಅವನ ಮನೆ ಐದನೆಯ ಮಹಡಿಯಲ್ಲಿತ್ತು. ತಿರುಗಿ ನೋಡಿದರೆ ಗ್ರಿಲ್ಲಿನಾಚೆ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಬಣ್ಣ ಬಳಿಯುವವನೊಬ್ಬ ಕೂತಿದ್ದ. ಬಿಲ್ಡಿಂಗಿಗೆ ಬಣ್ಣ ಹೊಡೆಯಲು ಶುರುಮಾಡಿ ಮೂರು ವಾರವಾಗಿತ್ತು. ಕಿಟಕಿಗೆ ಬೆನ್ನು ಹಾಕಿ ಕೂರುವ ಚಿನ್ಮಯ್‌ಗೆ ಆ ಬ್ರಷ್ಷಿನ ಸರಪರ ಸದ್ದು ಫ್ಯಾನಿನ ಸದ್ದಿನಷ್ಟೇ ಮಾಮೂಲಾಗಿತ್ತು.

"ಆ ಬಿಸಿನೀರಿನ ಮುದುಕಂದು ಮುಗೀತೇನ್ರಿ?"

"ಏನು?"

"ಅದಾ ರೀ, ಕಾರ್ಟೂನು. ನಿಮ್ಮ ಹೆಗಲ ಮ್ಯಾಲಿಂದ ದಿನಾ ನೋಡ್ಲಾಕತ್ತೀನ್ರಿ. ಮೊನ್ನಿ ಕಡೀ ಟೈಮಿಗಿ ಮುಕಾದಮ ಕೆಳಗ ಇಳಿಸಿಬಿಟ್ಟ. ಹುಡುಗಿ ಹೋದ್ಳೇನ್ರಿ?"

ಚಿನ್ಮಯ್‌ಗೆ ಮೊದಲು ಅನ್ನಿಸಿದ್ದು ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಯಾರೂ ನೋಡುತ್ತಿಲ್ಲ ಎಂದುಕೊಂಡು ಮೂರು ವಾರ ಬನಿಯನ್ನಿನಲ್ಲಿ ಕೂತಿದ್ದ.

"ನಾವು ಕನ್ನಡದವರು ಅಂತ ಹೇಗೆ ಗೊತ್ತಾಯ್ತು?"

"ಅಕ್ಕಾರು ಮಾತಾಡೂದು ಕೇಳಸ್ತದ್ರಿ. ನಿಮ್ಮ ದನಿ ಇವತ್ತಽ ಕೇಳಿದ್ದು." ಅವನು ಹಲ್ಲು ಬಿಟ್ಟ. ಹುಬ್ಬಿನ ಮೇಲೆ ಕೆನೆಬಣ್ಣದ ಚಿಮುಕು ಒಣಗಿತ್ತು. "ನಂದು ಯಾದಗಿರಿ ಕಡಿ. ಸಾಯಬಣ್ಣ ಅಂತ್ರಿ. ಹೋದ್ಳೇನು?"

"ಹೋದಳು."

"ಚಲೋ ಆತು ಬಿಡ್ರಿ!" ಸಾಯಬಣ್ಣ ಕಣ್ಣುಮುಚ್ಚಿ ಉಸಿರು ಬಿಟ್ಟ. ಹಲಗೆ ಅಲ್ಲಾಡಿತು.

ಚಿನ್ಮಯ್‌ಗೆ ತಿದ್ದಬೇಕೆನ್ನಿಸಿತು. ಅಭಿಪ್ರಾಯ ತಪ್ಪಾಗಿದ್ದಲ್ಲಿ ಸುಮ್ಮನಿರುವ ಸ್ವಭಾವ ಅವನದ್ದಲ್ಲ. "ಆದರೆ ಅದು ಅಷ್ಟೇನೂ ಒಳ್ಳೇ ಸರಣಿಯಲ್ಲ. ಅಜ್ಜ ಯಾಕೆ ಮಾತು ಬಿಟ್ಟ ಅನ್ನೋದಕ್ಕೆ ಕಾರಣವೇ ಕೊಟ್ಟಿಲ್ಲ. ವೀಕ್ ರೈಟಿಂಗ್."

"ಕಾರಣ ಕಾಣಸ್ತದಲ್ರಿ," ಎಂದ ಸಾಯಬಣ್ಣ, ಅಚ್ಚರಿಯಿಂದ. "ಬಾಯಿ ತೆರದ್ರ 'ಹೋಗಬ್ಯಾಡ' ಅಂತ ಬರ್ತದ. ಅದಕ್ಕ ಮುಚ್ಚಿಕೊಂಡಾನ. ಆಕಿ ಹೋಗ್ಲಿ ಅಂತ."

ಚಿನ್ಮಯ್ ತಾನು ಬರೆದ ಸಾಲಿನ ಕಡೆ ಕಣ್ಣು ಹಾಯಿಸಿದ.

"ನೀವು ಸೌಂಡ್ ಹಾಕ್ಕೊಂಡು ನೋಡ್ತೀರಿ," ಎಂದು ಸಾಯಬಣ್ಣ ಸಮಾಧಾನ ಹೇಳಿದ. "ಅದಕ್ಕ ತಿಳಿದಿರ್ಲಿಕ್ಕಿಲ್ಲ. ಮತ್ತ ಆ ಕಬ್ಬಿಣದ ದೆವ್ವದಾಗ ಕುಂಡ್ರೋ ಹುಡುಗ ಅದಾನಲ್ರಿ, ಅಂವಗ ಯಾಕ ಅಷ್ಟು ಅಂಜಿಕಿ ಗೊತ್ತೇನು? ಬೆಲ್ಟ್ ಹಾಕ್ಕೊಂಡಿಲ್ಲ. ನೋಡ್ರಿ ಬೇಕಾದ್ರ. ಒಂದು ದಿನಾನೂ ಹಾಕ್ಕೊಂಡಿಲ್ಲ."

ತಾರಸಿಯಿಂದ ಯಾರೋ ಹಿಂದಿಯಲ್ಲಿ ಬೈದರು. ಹಗ್ಗ ಸಡಿಲವಾಗಿ ಹಲಗೆ ಇಳಿಯತೊಡಗಿತು. ಕಿಟಕಿಯ ಅಂಚಿನಲ್ಲಿ ಸಾಯಬಣ್ಣನ ಮುಖವೊಂದೇ ಉಳಿದಾಗ ಅವನು ನಿಟ್ಟುಸಿರಿಟ್ಟ. "ನಾಲ್ಕನೇ ಮಾಳಿಗ್ಯಾಗ ಬರೇ ಕ್ರಿಕೆಟ್ರಿ."

ಚಿನ್ಮಯ್ ತಿರುಗಿ ಲ್ಯಾಪ್‌ಟಾಪಿನ ಮುಂದೆ ಕೂತ. ಆಮೇಲೆ ಮೌನದ ಬಗ್ಗೆ ಬರೆದಿದ್ದ ಸಾಲುಗಳನ್ನು ಅಳಿಸಿ ಹೀಗೆ ಬರೆದ: "ಅಜ್ಜ ಮಾತನಾಡುವುದಿಲ್ಲ, ಏಕೆಂದರೆ ಬಾಯಿ ತೆರೆದರೆ ಬರುವುದು ಒಂದೇ ಮಾತು: ಹೋಗಬೇಡ." ಅದು ಅವನ ಶೈಲಿಯಲ್ಲಿ ಎಷ್ಟು ಚೆನ್ನಾಗಿ ಕೂತಿತೆಂದರೆ ಬರೆದು ಮುಗಿಸುವ ಹೊತ್ತಿಗೆ ತನ್ನದೇ ಎನ್ನಿಸಿತು. ಆರೂವರೆಯನ್ನು ಒಂಬತ್ತು ಮಾಡಿ ಲೇಖನ ಪ್ರಕಟಿಸಿದ. ಆರು ವರ್ಷಗಳಲ್ಲಿ ಅವನು ಯಾರಿಗೂ ಒಂಬತ್ತು ಕೊಟ್ಟಿರಲಿಲ್ಲ.

ರೋಬೋ ಸರಣಿಯ ಆರನೆಯ ಕಂತನ್ನೂ ತೆಗೆದು ನೋಡಿದ. ಹುಡುಗ ಬೆಲ್ಟ್ ಹಾಕಿಕೊಂಡಿರಲಿಲ್ಲ.

ಮಾರ್ಚ್ ಕೊನೆಯ ಸೆಕೆ. ಕಾಂದಿವಲಿಯಲ್ಲಿ ಲೋಕಲ್ ರೈಲು ಹತ್ತುವಷ್ಟರಲ್ಲಿ, ಯಾರೋ ಹಂಚಿಕೊಂಡಿದ್ದರಿಂದ, ಅವನ ಲೇಖನಕ್ಕೆ ಅರವತ್ತು ಜನರ ಮೆಚ್ಚುಗೆ ಬಂದಿತ್ತು. ಅಂಧೇರಿ ದಾಟುವಾಗ ಇನ್ನೂರು. ಬ್ರೆಜಿಲ್‌ನವರೊಬ್ಬರು, ನಿಮ್ಮ ಒಂದು ಸಾಲು ಓದಿ ಅಡುಗೆಮನೆಯಲ್ಲಿ ನಿಂತು ಅತ್ತೆ ಎಂದು ಬರೆದಿದ್ದರು. ಇನ್ನೊಬ್ಬರು, ಮೊದಲ ಬಾರಿಗೆ ನೀವು ಮನುಷ್ಯರಂತೆ ಬರೆದಿದ್ದೀರಿ ಎಂದಿದ್ದರು. ಅದನ್ನು ಹೊಗಳಿಕೆ ಎಂದೇ ಅವನು ಎಣಿಸಿದ. ಪಕ್ಕದವನ ಮೊಣಕೈ ಪಕ್ಕೆಗೆ ಒತ್ತುತ್ತಿದ್ದರೂ ಅವನಿಗೆ ಜಗತ್ತಿನ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತ್ತು.

ಹೋಟೆಲಿನಲ್ಲಿ ಧಾತ್ರಿ ಮೂಲೆಯ ಟೇಬಲ್ ಹಿಡಿದಿದ್ದಳು. ಮುಂದೆ ಅರ್ಧ ಮುಗಿದ ಕಾಫಿ, ಫೋನು. ಅವನು ಇಡ್ಲಿ ಸಾಂಬಾರ್ ಹೇಳಿದ.

"ಚಿಕ್ಕಮ್ಮ ಏನಂದ್ರು?"

"ಗಂಡನ್ನ ಕೇಳು ಅಂದ್ರು."

"ಹಳೇ ಕಾಲದವರು."

"ನಾನೂ ಕೇಳ್ತಿದೀನಿ."

ಮಾಣಿ ಬಂದು ನೀರಿಟ್ಟು ಹೋದ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ನೀನು ಏನೇ ನಿರ್ಧಾರ ಮಾಡಿದರೂ ಎಂಬ ವಾಕ್ಯ ಚಿನ್ಮಯ್‌ನ ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅದನ್ನು ನುಂಗಿದ. ಬೇರೊಂದು ವಾಕ್ಯ ಅವನ ಬಳಿ ಇತ್ತು. ಇನ್ನೂರು ಜನ ಮೆಚ್ಚಿದ್ದು.

"ಧಾತ್ರಿ," ಎಂದ. ದನಿ ಅವನಿಗೇ ಹಿಡಿಸಿತು. "ಇಷ್ಟು ದಿನ ನಾನು ಯಾಕೆ ಸುಮ್ಮನಿದ್ದೆ ಗೊತ್ತಾ? ಬಾಯಿ ತೆರೆದರೆ ಹೋಗಬೇಡ ಅಂತ ಬಂದುಬಿಡುತ್ತೆ, ಅದಕ್ಕೆ."

ಅವಳ ಕಣ್ಣುಗಳು ಒಂದು ಕ್ಷಣ ಅಗಲವಾದವು. ಕೈ ಟೇಬಲ್ಲಿನ ಮೇಲೆ ಅವನ ಕಡೆಗೆ ಸರಿಯಿತು, ಉಪ್ಪಿನ ಡಬ್ಬಿಯವರೆಗೆ. ಅಲ್ಲಿ ನಿಂತಿತು.

"ಲಾಸ್ಟ್ ಪ್ಯಾರಾ," ಎಂದಳು.

"ಏನು?"

"ಮಧ್ಯಾಹ್ನ ಓದಿದೆ. ಸ್ನಾನದ ಮನೆ ಅಜ್ಜ. ಒಂಬತ್ತು ಕೊಟ್ಟಿದೀಯ."

ಸಾಂಬಾರಿನ ಬಟ್ಟಲು ಬಂತು. ಮಾಣಿ ಹೋಗುವವರೆಗೆ ಇಬ್ಬರೂ ಇಡ್ಲಿಯನ್ನು ನೋಡಿದರು.

"ನೀನು ಅದನ್ನ ಓದ್ತೀಯಾ? ಯಾವಾಗಿಂದ?"

"ನಾಲ್ಕು ವರ್ಷ ಆಯ್ತು."

"ನಿನಗೆ ಅನಿಮೆ ಅಂದ್ರೆ ಆಗಲ್ಲವಲ್ಲ."

"ನಿನಗೆ ಏನು ಇಷ್ಟ, ಏನು ಕಷ್ಟ ಅಂತ ಇನ್ನೆಲ್ಲಿ ಗೊತ್ತಾಗುತ್ತೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲ್ಯಾಬಿನ ರಿಪೋರ್ಟ್ ಓದುವಂತಿತ್ತು. "ಹೋದ ವರ್ಷ ಒಂದು ಸರಣಿಯಲ್ಲಿ ಹುಡುಗಿ ತುಂಬಾ ಮಾತಾಡ್ತಾಳೆ ಅಂತ ಬರೆದಿದ್ದೆ. ನಾನು ಒಂದು ತಿಂಗಳು ಕಮ್ಮಿ ಮಾತಾಡಿದೆ. ನಿನಗೆ ಗೊತ್ತಾಗಲಿಲ್ಲ."

ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಆ ಸರಣಿಗೆ ಐದು ಕೊಟ್ಟದ್ದು ಮಾತ್ರ ನೆನಪಿತ್ತು.

"ಒಂದು ಕೇಳ್ತೀನಿ," ಎಂದಳು. "ಆ ಸಾಲು ಓದಿ ನಂಗೆ ಅಳು ಬಂತು. ಇಲ್ಲೇ ಕೂತು ಅತ್ತೆ, ಮಾಣಿ ಈರುಳ್ಳಿ ಜಾಸ್ತಿ ಆಯ್ತಾ ಮೇಡಂ ಅಂದ. ಅದು ನಿಂದೇನಾ?"

ಹೌದು ಎನ್ನಲು ಅರ್ಧ ಸೆಕೆಂಡು ಸಾಕಿತ್ತು. ಆ ಅರ್ಧ ಸೆಕೆಂಡು ಕಳೆಯಿತು.

"ನಮ್ಮ ಬಿಲ್ಡಿಂಗಿಗೆ ಬಣ್ಣ ಹೊಡೀತಾರಲ್ಲ," ಎಂದ. "ಅವರಲ್ಲೊಬ್ಬ ಹೇಳಿದ. ಸಾಯಬಣ್ಣ ಅಂತ. ಯಾದಗಿರಿಯವನು."

ಧಾತ್ರಿ ನಗಲು ಶುರುಮಾಡಿದಳು. ಸದ್ದಿಲ್ಲದೆ, ಭುಜ ಅಲುಗುವಂತೆ. ಚಿನ್ಮಯ್ ಕೂಡ ನಕ್ಕ; ನಕ್ಕರೆ ಇಬ್ಬರೂ ಒಂದೇ ಕಡೆ ಇದ್ದಂತಾಗುತ್ತದೆ ಎಂದು. ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಸರಿ. ಅದು ಸಾಯಬಣ್ಣಂದು. ನಿಂದು ಏನು?"

ಅವನು ಪ್ರಾಮಾಣಿಕವಾಗಿ ಹುಡುಕಿದ. ಅವಳು ಹೋದ ಮೇಲಿನ ಮನೆಯನ್ನು ಊಹಿಸಿಕೊಂಡ: ಟೇಬಲ್ಲು, ಲ್ಯಾಪ್‌ಟಾಪು, ಕಿಟಕಿಗೆ ಬೆನ್ನು. ಅವಳು ಹೋಗದ ಮನೆಯನ್ನೂ ಊಹಿಸಿಕೊಂಡ: ಟೇಬಲ್ಲು, ಲ್ಯಾಪ್‌ಟಾಪು, ಕಿಟಕಿಗೆ ಬೆನ್ನು. ಎಲ್ಲೋ ಒಳಗೆ ಹೋಗಬೇಡ ಎಂಬುದು ಇದ್ದೀತೆಂದು ಕಾದ. ಹೋಗು ಎಂಬುದಾದರೂ ಇದ್ದೀತೆಂದು ಕಾದ. ಬಾಯಿ ತೆರೆದ. ಅಜ್ಜನಿಗಿದ್ದ ಭಯ ತನಗಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಅವನ ಬಾಯಿಂದ ಏನೂ ಬರುತ್ತಿರಲಿಲ್ಲ.

"ಸಾಂಬಾರ್ ಇವತ್ತು ಸ್ವಲ್ಪ ಸಿಹಿಯಾಯ್ತು," ಎಂದ.

ಧಾತ್ರಿ ತಲೆಯಾಡಿಸಿದಳು, ಸಾಂಬಾರಿನ ಬಗ್ಗೆ ಒಪ್ಪಿದವಳಂತೆ. ಫೋನ್ ತೆಗೆದು ಎರಡು ಹೆಬ್ಬೆರಳಲ್ಲಿ ಏನೋ ಟೈಪ್ ಮಾಡಿದಳು. ಒಮ್ಮೆ ಓದಿ ಕಳಿಸಿದಳು. ಚೀಲ ಹೆಗಲಿಗೇರಿಸಿ ಎದ್ದಳು.

"ಇವತ್ತು ಚಿಕ್ಕಮ್ಮನ ಮನೇಲೇ ಇರ್ತೀನಿ."

"ಏನಂತ ಕಳಿಸಿದೆ?"

"ನಂದೂ ಒಂದು ಬ್ಲಾಗ್ ಇದ್ದಿದ್ರೆ ಓದಿ ತಿಳ್ಕೋಬಹುದಿತ್ತು," ಎಂದಳು. "ನಾನು ಬರೆಯಲ್ಲ."

ಅವಳು ಬಿಸಿಲಿಗೆ ಇಳಿದು, ಹೂವಿನವಳ ಅಂಗಡಿ ದಾಟಿ, ತಿರುವಿನಲ್ಲಿ ಮರೆಯಾಗುವುದನ್ನು ಅವನು ನೋಡಿದ. ಆ ದೃಶ್ಯ ಅಗತ್ಯಕ್ಕಿಂತ ತುಸು ಉದ್ದವಾಯಿತು ಎನ್ನಿಸಿತು. ಹಾಗನ್ನಿಸಿದ್ದಕ್ಕೆ ಹೆದರಿಕೆಯಾಯಿತು. ಇಡ್ಲಿ ಪೂರ್ತಿ ತಿಂದ.

ಮಾಟುಂಗ ರೋಡಿನಲ್ಲಿ ಬೊರಿವಲಿವರೆಗೆ ಹೋಗುವ ಸ್ಲೋ ಲೋಕಲ್ ಹತ್ತಿದ. ಬಾಂದ್ರಾದಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕಾಮೆಂಟುಗಳಿಗೆ ಉತ್ತರ ಬರೆಯತೊಡಗಿದ. ಬ್ರೆಜಿಲ್‌ನವರಿಗೆ ಆ ಸಾಲು ಬೇರೊಬ್ಬರದ್ದು ಎಂದು ತಿಳಿಸುವುದು ನ್ಯಾಯ ಎನ್ನಿಸಿತು. ಬರೆದ, ಅಳಿಸಿದ. ಮತ್ತೆ ಬರೆದ. ಎಲ್ಲೋ ಅವನು ಇಳಿಯಬೇಕಿದ್ದ ಕಾಂದಿವಲಿ ಬಂತು, ಹೋಯಿತು. ಬೊರಿವಲಿಯಲ್ಲಿ ಎಲ್ಲರೂ ಇಳಿದದ್ದು, ಯಾರೂ ಹತ್ತದೇ ಇದ್ದದ್ದು, ಸ್ಪೀಕರಿನಲ್ಲಿ ಯಾರೋ ಮೂರು ಭಾಷೆಗಳಲ್ಲಿ ಎಚ್ಚರಿಸಿದ್ದು ಯಾವುದೂ ಅವನನ್ನು ಮುಟ್ಟಲಿಲ್ಲ.

ತಲೆ ಎತ್ತಿದಾಗ ಗಾಡಿ ನಿಂತಿತ್ತು. ಹೊರಗೆ ಪ್ಲಾಟ್‌ಫಾರ್ಮ್ ಇರಲಿಲ್ಲ. ಅದು ಗಾಡಿಗಳನ್ನು ನಿಲ್ಲಿಸಿ ತೊಳೆಯುವ ಯಾರ್ಡು. ಎರಡೂ ಕಡೆ ಸಾಲುಸಾಲು ಖಾಲಿ ಲೋಕಲ್‌ಗಳು ಮೈಗೆ ಮೈ ತಾಗುವಷ್ಟು ಹತ್ತಿರ ನಿಂತಿದ್ದವು. ಒಳಗೆ ಅಷ್ಟೂ ಫ್ಯಾನುಗಳು ಯಾರಿಗೂ ಅಲ್ಲದೆ ತಿರುಗುತ್ತಿದ್ದವು. ಬಾಗಿಲವರೆಗೆ ಹೋಗಿ ಬಗ್ಗಿ ನೋಡಿದ. ನೆಲ ಬಹಳ ಕೆಳಗಿತ್ತು. ವಾಪಸ್ ಬಂದು ಕೂತ.

ಬೋಗಿಯ ಆ ತುದಿಯಿಂದ ಹೆಂಗಸೊಬ್ಬಳು ಬಕೆಟ್ಟು, ಪೊರಕೆ ಹಿಡಿದು ನೀರು ಚೆಲ್ಲುತ್ತ, ಗುಡಿಸುತ್ತ ಬಂದಳು. ಅವನನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಲ್ಲಿಂದ ಹೇಗೆ ಇಳಿಯುವುದು ಎಂದು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳು, "ಪಾಯ್ ವರ್ ಘ್ಯಾ," ಎಂದು ಪೊರಕೆಯಿಂದ ಅವನ ಚಪ್ಪಲಿ ತೋರಿಸಿದಳು.

ಚಿನ್ಮಯ್ ಎರಡೂ ಕಾಲು ಮೇಲೆತ್ತಿದ. ಅವಳು ಅವನ ಕೆಳಗೆ ನೀರು ಹೊಯ್ದು, ಗುಡಿಸಿ, ಮುಂದಿನ ಬೋಗಿಗೆ ಹೋದಳು. ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಕಾಲು ಇಳಿಸಬಹುದೆಂದು ಯಾರೂ ಹೇಳಲಿಲ್ಲ. ಅವನು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಾಲುಗಳನ್ನು ಗಾಳಿಯಲ್ಲಿ ಹಾಗೇ ಚಾಚಿಕೊಂಡು ಕೂತಿದ್ದ.