ಮನೆ ಇಲ್ಲದ ಅರ್ಹತೆ

ತಾರಾನಾಥನ ಬಾಯಿ ಸ್ವಲ್ಪ ದೊಡ್ಡದು. ಇದು ಪರರು ಹೊರಿಸಿದ ಆರೋಪವಲ್ಲ, ಅವನೇ ಒಪ್ಪಿಕೊಂಡದ್ದು. ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತು, ಇಪ್ಪತ್ತೆಂಟು ವರ್ಷಗಳಿಂದ ಸಿಕ್ಕಿದವರಿಗೆಲ್ಲ ಹೇಳುತ್ತ ಬಂದಿದ್ದ: "ಇಲ್ಲಿ ಬಾಡಿಗೆ ಆದರೇನು ಮಾರಾಯ್ರೆ, ಊರಲ್ಲಿ ನಮ್ಮದು ಎಂಟು ಕಂಬದ ಮನೆ!" ಹೆಣ್ಣು ನೋಡಲು ಹೋದಾಗಲೂ ಇದನ್ನೇ ಹೇಳಿದ್ದ. ಪುಷ್ಪಾವತಿ ಪಾಪ, ಕಂಬ ಎಣಿಸಿಯೇ ಒಪ್ಪಿರಬೇಕು.

ಆಗ ಅದು ಸುಳ್ಳೂ ಆಗಿರಲಿಲ್ಲ. ಆದರೆ ಅವರದ್ದು ಅಳಿಯಕಟ್ಟಿನ ಕುಟುಂಬ. ಕಾಯ್ದೆ ಏನೇ ಹೇಳಲಿ, ಹಿರಿಯರ ಮನೆ ಹೆಣ್ಣುಮಕ್ಕಳಿಗೆ. ಗಂಡಸು ಪಾಲು ಕೇಳಿದರೆ ನಾಚಿಕೆಗೇಡು. ಹದಿನಾರು ವರ್ಷದ ಹಿಂದೆ ಅಕ್ಕ ಲೋಲಾಕ್ಷಿ ಗಂಡನನ್ನು ಕಳಕೊಂಡಾಗ, ತಾರಾನಾಥ ಊರಿಗೆ ಹೋಗಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದ. ಒಳ್ಳೆಯ ಕೆಲಸವೇ. ಹೆಂಡತಿಗೆ ಹೇಳುವುದೊಂದು ಬಾಕಿ ಉಳಿಯಿತು. ಮೊದಲ ವರ್ಷ ಧೈರ್ಯ ಬರಲಿಲ್ಲ, ಎರಡನೆಯ ವರ್ಷ ಸಂದರ್ಭ ಬರಲಿಲ್ಲ, ಆಮೇಲೆ ಹೇಳದಿರುವುದೇ ಅಭ್ಯಾಸವಾಯಿತು. ಎಂಟು ಕಂಬ ಮಾತ್ರ ಬಾಯಲ್ಲಿ ಗಟ್ಟಿಯಾಗಿ ನಿಂತಿದ್ದವು.

ಪುಷ್ಪಾವತಿಯೋ, ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದು ಮುಗಿದು, ಒಂಬತ್ತು ಸಲ ಗಂಟುಮೂಟೆ ಕಟ್ಟಿದವಳು. ಈಗ ಬದಲಾಪುರದಲ್ಲಿ ಒಂದು ಕೋಣೆ, ಅಡುಗೆಮನೆಯ ಫ್ಲಾಟ್ ನೋಡಿದ್ದಳು. ಸರ್ಕಾರದ ಬಡ್ಡಿ ರಿಯಾಯಿತಿ ಸಿಕ್ಕಿದರೆ ಕೈಗೆಟುಕುವಂಥದ್ದು. ಕರ್ಜತ್ ಲೋಕಲ್ ರೈಲು ಹತ್ತಿ ಎರಡು ಸಲ ಒಬ್ಬಳೇ ಹೋಗಿ, ಅಡುಗೆಮನೆಯ ಕಿಟಕಿ ತೆರೆದು ನೋಡಿ ಬಂದಿದ್ದಳು. ಅಷ್ಟು ಆಸೆ ಅವಳಿಗೆ.

ಭಾನುವಾರ ಬೆಳಿಗ್ಗೆ ಸಾಲದ ಅರ್ಜಿ ತುಂಬಿಸಲು ಏಜೆಂಟ್ ಮನೀಷ್ ಬಂದ. ಊರಿನವರ ಸಂಘದಲ್ಲಿ ಪರಿಚಯವಾದ ಹುಡುಗ, ಡೊಂಬಿವಲಿಯಲ್ಲೇ ಹುಟ್ಟಿದವನು. ಪುಟ ತಿರುವುತ್ತ ಕೇಳಿದ: "ಅಂಕಲ್, ಇಂಡಿಯಾದಲ್ಲಿ ಎಲ್ಲಿಯೂ ನಿಮ್ಮ ಫ್ಯಾಮಿಲಿಯ ಹೆಸರಿಗೆ ಪಕ್ಕಾ ಮನೆ ಇಲ್ಲ ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಅವಸ್ಥೆ ತಾರಾನಾಥನದ್ದು. ಊರೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುವ ಬಾಯಿ ಆಗ ತೆರೆಯಲೇ ಇಲ್ಲ. ಚಹಾ ತಂದ ಪುಷ್ಪಾವತಿಯೇ ಉತ್ತರ ಕೊಟ್ಟಳು.

"ಇಲ್ಲದೆ ಏನು ಮಗಾ! ಇವರದ್ದು ಎಂಟು ಕಂಬದ ಮನೆ ಉಂಟು ಊರಲ್ಲಿ. ನಾವೇನು ದಿಕ್ಕಿಲ್ಲದವರಾ?"

ಮನೀಷ್ ಪೆನ್ನು ಮುಚ್ಚಿದ. "ಫಿರ್ ತೋ ನಹೀ ಹೋಗಾ, ಆಂಟಿ. ಮನೆ ಇದ್ದವರಿಗೆ ಈ ಸ್ಕೀಮ್ ಇಲ್ಲ. ರಿಯಾಯಿತಿ ಇಲ್ಲದೆ ಅಂಕಲ್‌ನ ಪಗಾರಕ್ಕೆ ಲೋನ್ ಆಗೋದಿಲ್ಲ."

ಪುಷ್ಪಾವತಿಯ ಮುಖ ಬಾಡಿತು. ಆದರೂ ಗಂಡನ ಕಡೆ ತಿರುಗಿ, "ನೀವು ಬೇಜಾರು ಮಾಡಬೇಡಿ," ಎಂದಳು. "ಕೊನೆಗಾಲಕ್ಕೆ ಊರಿನ ಮನೆ ಉಂಟಲ್ಲ ನಮಗೆ."

ಬೈದಿದ್ದರೆ ತಾರಾನಾಥ ತಡೆದುಕೊಳ್ಳುತ್ತಿದ್ದ. ಅವನದೇ ಸುಳ್ಳಿನಿಂದ ಅವಳು ಅವನನ್ನು ಸಮಾಧಾನ ಮಾಡಿದ್ದು ಸಹಿಸಲಾಗಲಿಲ್ಲ. ಥೂ, ಎಂಥ ಗಂಡಸು ನಾನು ಎನ್ನಿಸಿತು. ಎದ್ದು ಹೋಗಿ, ಕಪಾಟಿನ ಮೇಲಿನ ಟ್ರಂಕಿನ ತಳದಿಂದ ಆ ಪತ್ರ ತೆಗೆದು ಅವಳ ಕೈಗಿಟ್ಟ.

"ನಮಗೆ ಮನೆ ಇಲ್ಲ ಪುಷ್ಪಾ. ಅಕ್ಕನಿಗೆ ಬರೆದುಕೊಟ್ಟೆ."

ಅವಳು ಪೂರ್ತಿ ಓದಿದಳು. ತಾರೀಕು ಎರಡು ಸಲ ನೋಡಿದಳು.

"ಅತ್ತಿಗೆಗೆ ಕೊಟ್ಟದ್ದು ಸರಿಯೇ. ನನ್ನನ್ನು ಕೇಳಿದ್ದರೂ ಕೊಡಿ ಅಂತಲೇ ಹೇಳ್ತಿದ್ದೆ," ಎಂದಳು. "ಪ್ರತಿ ಸಲ ಪಾತ್ರೆ ಕಟ್ಟುವಾಗ ಆ ಮನೆ ನೆನೆಸಿ ಅಳು ನುಂಗಿದ್ದೇನೆ ನಾನು. ಒಂದು ಮಾತು ಹೇಳಲಿಕ್ಕೆ ಆಗಲಿಲ್ಲವಾ ನಿಮಗೆ?"

ಮನೀಷ್ ಮಾತ್ರ ಪತ್ರ ನೋಡಿ ಅರಳಿದ. "ಅರೆ ಅಂಕಲ್, ಇದು ಮೊದಲೇ ಕೊಡೋದಲ್ವಾ! ಇದಿದ್ದರೆ ಕೇಸ್ ಪಾಸ್!" ಜೀವಮಾನದಲ್ಲಿ ಮೊದಲ ಬಾರಿಗೆ ತಾರಾನಾಥ ಒಂದು ವಿಷಯಕ್ಕೆ ಅರ್ಹನಾಗಿದ್ದ, ಅದೂ ಏನೂ ಇಲ್ಲದವನೆಂದು.

"ಸ್ಕೀಮಿಗೆ ಲೇಡೀಸ್ ಹೆಸರು ಬೇಕು," ಎಂದ ಮನೀಷ್. "ಮನೆ ಆಂಟಿ ಹೆಸರಿಗಾ, ಜಾಯಿಂಟಾ?"

"ಜಾಯಿಂಟ್," ಎಂದ ತಾರಾನಾಥ.

"ಸಾಲ ಜಾಯಿಂಟ್," ಎಂದಳು ಪುಷ್ಪಾವತಿ, ಕಣ್ಣೊರಸಿಕೊಂಡು. "ಮನೆ ನನ್ನೊಬ್ಬಳ ಹೆಸರಿಗೆ ಬರಿ ಮಗಾ. ಇವರ ಕೈ ಬಹಳ ಸಡಿಲ. ಇದನ್ನೂ ಯಾರಿಗಾದರೂ ಬರೆದುಕೊಟ್ಟು ಬಂದರೆ, ನನಗೆ ಗೊತ್ತಾಗಲಿಕ್ಕೆ ಇನ್ನು ಹದಿನಾರು ವರ್ಷ ಬೇಕು. ಅಷ್ಟು ದಿನ ನಾನಿರುವುದಿಲ್ಲ."

ತಾರಾನಾಥ ಸಾಲದ ಕಾಗದದಲ್ಲಿ ಅವಳು ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದ.