ರಾಖೂನ ಅಂದ್ರ ಬೂದಿ ಅಲ್ರಿ!

ಸಾತಲಿಂಗಪ್ಪ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟವನು. ಏಳು ವರ್ಷ ಒಂದೇ ಬಾಡಿಗೆ ಖೋಲಿಯಲ್ಲಿ ಸಂಸಾರ. ಹೆಂಡತಿ ಗಿರಿಜಾಬಾಯಿಗೆ ಸಾಕುಸಾಕಾಗಿತ್ತು. ಕೊನೆಗೂ ಸ್ವಂತ ಜಾಗದಲ್ಲಿ ಮನೆ ಕಟ್ಟಲು ಪರವಾನಗಿ ಬಂತು. ಆದರೆ ಅಡುಗೆಮನೆ ಬರುವ ಕಡೆಯೇ ದೊಡ್ಡ ಬೇವಿನ ಮರ!

ಪರವಾನಗಿಯ ಕಾಗದ ಮರಾಠಿಯಲ್ಲಿತ್ತು. ಸಾತಲಿಂಗಪ್ಪನಿಗೆ ಸೀರೆಯ ದರ ಹೇಳುವಷ್ಟು ಮರಾಠಿ ಬರುತ್ತಿತ್ತು, ಅಷ್ಟೇ. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಹಾಗೆ!

"ನೋಡಿಲ್ಲಿ, 'ಝಾಡ ರಾಖೂನ ಬಾಂಧಕಾಮ' ಅಂತ ಬರದಾರ. ರಾಖ ಅಂದ್ರ ಬೂದಿ. ಗಿಡ ಸುಟ್ಟು ಮನಿ ಕಟ್ರಿ ಅಂತ ಸರಕಾರನ ಹೇಳ್ಯದ!"

"ಗಿಡ ಸುಡ್ರಿ ಅಂತ ಯಾರರ ಬರೀತಾರೇನ್ರಿ? ಪಕ್ಕದ ಮನಿ ಮುಕ್ತಾಬಾಯಿಗಿ ಒಮ್ಮಿ ತೋರಸ್ರಿ."

"ನನಗ ಓದಾಕ ಬರಂಗಿಲ್ಲೇನು?"

ಸಾತಲಿಂಗಪ್ಪ ಮರದ ಬುಡಕ್ಕೆ ಜೋಳದ ಒಣ ಕಣಿಕೆ ಒಟ್ಟಿ ಬೆಂಕಿ ಹಚ್ಚಿಯೇ ಬಿಟ್ಟ.

ಹೊಗೆ ಕಂಡು ಪಕ್ಕದ ಮನೆಯ ಮುಕ್ತಾಬಾಯಿ ಓಡಿ ಬಂದಳು. ಅವಳು ಮರಾಠಿ ಶಾಲೆಯ ಮಾಸ್ತರಬಾಯಿ. ಅವನು ತೋರಿಸಿದ ಕಾಗದ ಕಸಿದು ಓದಿದವಳೇ ಚೀರಿದಳು.

"ಅಯ್ಯಯ್ಯೋ ಕಾಕಾ! ರಾಖೂನ ಅಂದ್ರ ಬೂದಿ ಅಲ್ರಿ, ಉಳಸ್ಕೊಂಡು! ಗಿಡ ಉಳಸ್ಕೊಂಡು ಕಟ್ರಿ ಅಂತ ಬರದಾರ!"

ಗಿರಿಜಾಬಾಯಿ ಕೊಡ ತರಲು ಓಡಿದಳು. ಮೂವರೂ ಕೊಡಗಟ್ಟಲೆ ನೀರು ಸುರಿದರು. ಬೆಂಕಿ ಆರಿತು. ಆದರೆ ಒಂದು ಮಗ್ಗುಲಿನ ತೊಗಟೆ ಪೂರ್ತಿ ಕರಕಲಾಗಿತ್ತು.

"ನಂದ ಜಾಗಾ, ನಂದ ಗಿಡ..." ಸಾತಲಿಂಗಪ್ಪ ಗೊಣಗಿದ.

"ಜಾಗಾ ನಿಮ್ದ ಖರೆ. ಆದ್ರ ಮನಿ ಕಟ್ಟೂ ಪರವಾನಗಿ ಬ್ಯಾರೆ, ಗಿಡ ಕಡಿಯೂ ಪರವಾನಗಿ ಬ್ಯಾರೆ. ಕಾಯದೆ ಬಂದು ಎರಡ ವರ್ಷ ಆತು. ಕೇಳದ ಕಡದ್ರ ದಂಡ ಅದ."

"ಹಂಗಾರ ನಮ್ಮ ಮನಿ ಹೋತೇನವಾ?" ಗಿರಿಜಾಬಾಯಿ ಅತ್ತೇ ಬಿಟ್ಟಳು.

"ಇಲ್ರಿ ಕಾಕು. ನಾಳೆನ ಪರವಾನಗಿ ಕೊಟ್ಟ ಕಚೇರಿಗಿ ಹೋಗಿ ಆದದ್ದು ಹೇಳ್ರಿ. ಅಡಗಿಮನಿ ಹಿಂದ ಸರಿಸಿ ಹೊಸಾ ನಕ್ಷೆ ಕೊಡ್ರಿ."

ಮರುದಿನ ಗಂಡಹೆಂಡತಿ ಇಬ್ಬರೂ ಹೋದರು. ಸಾಹೇಬರು ಮೈಚಳಿ ಬಿಡುವಂತೆ ಬೈದು ದಂಡ ಹಾಕಿದರು. ಆದರೂ ಹೊಸ ನಕ್ಷೆಗೆ ಒಪ್ಪಿದರು. ಅಡುಗೆಮನೆ ಐದು ಅಡಿ ಹಿಂದೆ ಸರಿಯಿತು. ಮರದ ಸುಟ್ಟ ಮಗ್ಗುಲು ಮಾತ್ರ ಆಮೇಲೆ ಚಿಗುರಲೇ ಇಲ್ಲ.

ಅಣ್ಣಗಳಿರಾ, ಅಕ್ಕಗಳಿರಾ, ಮನೆ ಕಟ್ಟಿ, ಚೆನ್ನಾಗಿ ಕಟ್ಟಿ. ಜಾಗದಲ್ಲಿ ಮರವಿದ್ದರೆ ಮೊದಲು ಕಚೇರಿಯಲ್ಲಿ ಕೇಳಿ. ಕಾಗದ ತಿಳಿಯದಿದ್ದರೆ ಬಲ್ಲವರಿಂದ ಓದಿಸಿ, ಅದರಲ್ಲಿ ನಾಚಿಕೆ ಏನಿದೆ? ನಕ್ಷೆಯ ಗೆರೆಯನ್ನು ಅಳಿಸಿ ಮತ್ತೆ ಬರೆಯಬಹುದು, ಸುಟ್ಟ ಮರವನ್ನು ಮತ್ತೆ ಬರೆಯಲಾಗದು.